ಒಬ್ಬರೇ ಕೂತು ಪ್ರಾರ್ಥನೆ ಮಾಡಲಿಕ್ಕೆ ಏನು ಕೊಳ್ಳಬೇಕು: ಬೈಬಲ್, ಆ್ಯಪ್, ವಾಗ್ದಾನ ಕಾರ್ಡು, ನೋಟ್‌ಬುಕ್ಕು

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಸಭೆಗಳ (ಚರ್ಚುಗಳ) ಹೊರಗೆ ಪುಸ್ತಕದ ಟೇಬಲ್ಲು ಬೀಳುತ್ತದೆ. ಆರಾಧನೆ ಮುಗಿಸಿ ಬಂದವರು ಹೊಸ ಬೈಬಲ್, ಕ್ಯಾಲೆಂಡರ್, ಬೈಬಲಿನ ಒಂದು ಭರವಸೆಯ ವಚನ ಮುದ್ರಿಸಿದ ವಾಗ್ದಾನ ಕಾರ್ಡು ಕೈಗೆತ್ತಿಕೊಳ್ಳುತ್ತಾರೆ, ಕವರಿನ ಬಣ್ಣ ನೋಡುತ್ತಾರೆ, ರೊಕ್ಕ ಕೊಟ್ಟು ಹೋಗುತ್ತಾರೆ. ಕೊಂಡದ್ದು ಫೆಬ್ರುವರಿಯಲ್ಲೂ ಕೈಯಲ್ಲಿರುತ್ತದೋ, ಷೋಕೇಸ್ ಸೇರುತ್ತದೋ ಎಂದು ವಿಚಾರ ಮಾಡುವವರು ಕಡಿಮೆ. ಈ ವಿಮರ್ಶೆಯಲ್ಲಿ ನಾಲ್ಕು ಸಾಮಾನುಗಳನ್ನು ಒಂದೇ ಒರೆಗೆ ಹಚ್ಚಿ ನೋಡಿದೆ: ಇದನ್ನು ಹಿಡಿದವರು ಓದಿದ ಮೇಲೆ ದೇವರಿಗೆ ತಿರುಗಿ ಏನಾದರೂ ಹೇಳುತ್ತಾರೋ, ಅಥವಾ ಓದಿ ಮುಚ್ಚಿಟ್ಟು ಏಳುತ್ತಾರೋ?

ಈ ಒರೆಯೇ ಯಾಕೆ ಎಂದರೆ, ಕ್ರೈಸ್ತ ನಂಬಿಕೆಯಲ್ಲಿ ಮಾತು ಶುರು ಮಾಡುವವನು ದೇವರು, ಓಗೊಡುವವನು ಮನುಷ್ಯ. ಯೇಸು ಶಿಷ್ಯರಿಗೆ ನೀವು ಇನ್ನು ಆಳುಗಳಲ್ಲ, ಸ್ನೇಹಿತರು ಎಂದ (ಯೋಹಾನ 15:15). ದೇವರನ್ನು ‘ಅಪ್ಪಾ’ ಎಂದು ಕೂಗುವ ಹಕ್ಕು ನಮಗೆ ಸಿಕ್ಕಿದೆ ಎಂದು ಪೌಲ ಬರೆದ (ರೋಮಾಪುರದವರಿಗೆ 8:15). ನಮ್ಮ ಕಡೆ ಈ ಒತ್ತು ಹಳೆಯದು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರು ಪಯಟಿಸ್ಟ್ ಪರಂಪರೆಯವರು. ಹುಟ್ಟಿನಿಂದ ಸಭೆಗೆ ಸೇರಿದರೆ ಸಾಲದು, ಪ್ರತಿಯೊಬ್ಬರೂ ತಾವೇ ದೇವರಿಗೆ ಉತ್ತರ ಕೊಡಬೇಕು, ಮನೆಯಲ್ಲಿ ತಾವೇ ವಚನ ಓದಬೇಕು ಎನ್ನುವುದು ಅವರ ಪಾಠವಾಗಿತ್ತು. ಹಾಗಾಗಿ ಭಾನುವಾರದ ಬೈಬಲ್ ಬೇರೆ, ಮುಂಜಾನೆಯ ಬೈಬಲ್ ಬೇರೆ ಎಂದಿಟ್ಟುಕೊಂಡೇ ಕೊಳ್ಳಬೇಕು. ಸಭೆಗೆ ಒಯ್ಯಲು ಚಿಕ್ಕದು, ಚಂದದ್ದು ಸಾಕು. ಮುಂಜಾನೆಯದಕ್ಕೆ ಬೇರೆ ಗುಣ ಬೇಕು.

ಮೊದಲು ಪಠ್ಯ. ಕನ್ನಡದಲ್ಲಿ ಪೂರ್ತಿ ಬೈಬಲ್ 1831ರಲ್ಲೇ ಬಳ್ಳಾರಿಯ ಮಿಷನರಿಗಳ ಕೈಯಲ್ಲಿ ಸಿದ್ಧವಾಗಿತ್ತು. ಈಗ ಬೈಬಲ್ ಸೊಸೈಟಿ ಆಫ್ ಇಂಡಿಯಾ ‘ಸತ್ಯವೇದವು’ ಹೆಸರಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪಠ್ಯ ಮಾರುತ್ತದೆ. ಒಂದು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಮತ್ತು ಬಹುಪಾಲು ಪ್ರಾರ್ಥನಾ ಮಂದಿರಗಳಲ್ಲಿ ಓದುವ ಹಳೆಯ ಭಾಷಾಂತರ. ಇನ್ನೊಂದು, ಸರಳ ಭಾಷೆಯ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಭಾಷಾಂತರ. ಅಂಗಡಿಯಲ್ಲಿ ‘ಬೈಬಲ್ ಕೊಡ್ರಿ’ ಎಂದರೆ ಕೈಗೆ ಬರುವುದು ಹಳೆಯದೇ. ಎರಡನ್ನೂ ತೆರೆದು ನೋಡದೆ ಕೊಳ್ಳಬೇಡಿ.

ಹಳೆಯದರ ಬಲ ಅದರ ಲಯ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ ಸಾಲು ಒಮ್ಮೆ ಕಿವಿಗೆ ಬಿದ್ದರೆ ಹೋಗುವುದಿಲ್ಲ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು, ಸಭಾಪಾಲಕರು ಪುಲ್ಪಿಟ್ಟಿನಿಂದ ಹೇಳುವುದು, ಹಾಡುಗಳಲ್ಲಿ ಬರುವುದು ಎಲ್ಲ ಇದೇ ಮಾತು. ಕೀರ್ತನೆಗಳಿಗೆ, ಸುವಾರ್ತೆಗಳಿಗೆ ಇದು ಸಾಕು, ಗಟ್ಟಿಯಾಗಿ ಓದಲಿಕ್ಕಂತೂ ಇದೇ ಮೇಲು. ಇದು ಸೋಲುವುದು ಪೌಲನ ಪತ್ರಗಳಲ್ಲಿ. ಎಫೆಸದವರಿಗೆ 1ನೇ ಅಧ್ಯಾಯದ 3ರಿಂದ 14ನೇ ವಚನದವರೆಗೆ ಗ್ರೀಕ್ ಮೂಲದಲ್ಲಿ ಒಂದೇ ವಾಕ್ಯ. ಹಳೆಯ ಭಾಷಾಂತರದಲ್ಲಿ ಅದನ್ನು ಓದುವವರು ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಯಾರೆಂದು ಮರೆತಿರುತ್ತಾರೆ. ಅರ್ಥವಾಗದ್ದಕ್ಕೆ ಉತ್ತರ ಕೊಡಲು ಬರುವುದಿಲ್ಲ, ಪ್ರಾರ್ಥನೆ ಅಲ್ಲೇ ನಿಲ್ಲುತ್ತದೆ. ಪತ್ರಗಳನ್ನು ಓದುವಾಗ ಸರಳ ಪಠ್ಯ ಪಕ್ಕದಲ್ಲಿರಲಿ. ಎರಡನೇ ಪುಸ್ತಕಕ್ಕೆ ರೊಕ್ಕ ಹಾಕುವುದು ಬೇಡ, ಈ ಕೆಲಸಕ್ಕೆ ಆ್ಯಪ್ ಸಾಕು (ಅದರ ಮಾತು ಮುಂದೆ). ಕಥೋಲಿಕರು ಕೊಳ್ಳುವಾಗ ಇನ್ನೊಂದು ನೋಡಬೇಕು: ಪ್ರೊಟೆಸ್ಟಂಟರ ಬೈಬಲಿನಲ್ಲಿ 66 ಗ್ರಂಥ, ಕಥೋಲಿಕರದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರ ಗ್ರಂಥಗಳು ಪರಿವಿಡಿಯಲ್ಲಿ ಇಲ್ಲದಿದ್ದರೆ ಅದು ಅವರ ಪೂಜೆಯ ವಾಚನಗಳಿಗೆ ಪೂರ್ತಿ ಹೊಂದುವ ಪ್ರತಿಯಲ್ಲ.

ಇನ್ನು ಪುಸ್ತಕ, ಅಂದರೆ ಕಾಗದ, ಹೊಲಿಗೆ, ಅಕ್ಷರ. ಜನ ಎಡವುವುದು ಇಲ್ಲೇ. ಪುಸ್ತಕವನ್ನು ನಡುವೆ, ಕೀರ್ತನೆಗಳ ಹತ್ತಿರ ತೆರೆದು ‘ಚಂದ ತೆರೀತದ’ ಎಂದು ಕೊಳ್ಳುತ್ತಾರೆ. ನಡುವೆ ತೆರೆದರೆ ಎಂಥ ಪುಸ್ತಕವೂ ಅಂಗಾತ ಮಲಗುತ್ತದೆ. ಆದಿಕಾಂಡ 1, ಆಮೇಲೆ ಪ್ರಕಟನೆ 22 ತೆರೆದು ಟೇಬಲ್ ಮೇಲೆ ಇಟ್ಟು ಕೈ ಬಿಡಿ. ತಾನಾಗಿ ಮುಚ್ಚಿಕೊಂಡರೆ ದಿನದ ಓದಿಗೆ ಅದು ಸಲ್ಲ. ಒಂದು ಕೈ ಪುಟ ಒತ್ತಿ ಹಿಡಿಯಲಿಕ್ಕೇ ಹೋಗುತ್ತದೆ, ಬರೆಯಲು ಆಗುವುದಿಲ್ಲ. ಬೆನ್ನಿನ ಮೇಲ್ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಹಾಳೆಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಚಿ, ಒಳಗೆ ದಾರ ಕಂಡರೆ ಹೊಲಿಗೆ ಬೈಂಡಿಂಗು. ಬಿಡಿ ಹಾಳೆಗಳು ಗೋಂದಿನಲ್ಲಿ ನಿಂತಂತೆ ಕಂಡರೆ, ದಿನವೂ ತೆರೆಯುವ ಪುಸ್ತಕದಲ್ಲಿ ಮೊದಲು ಕಳಚುವುದು ಆದಿಕಾಂಡದ ಹಾಳೆಗಳು.

ಅಕ್ಷರದ ಗಾತ್ರ ನೋಡುವಾಗ ಒತ್ತಕ್ಷರ ನೋಡಿ. ಕನ್ನಡದ ಮುಖ್ಯ ಅಕ್ಷರ ದೊಡ್ಡದಿದ್ದು ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತಿದ್ದರೆ ಮುಂಜಾನೆ ಬಲ್ಬಿನ ಬೆಳಕಿಗೆ ಕಣ್ಣು ಹತ್ತು ನಿಮಿಷಕ್ಕೆ ಸೋಲುತ್ತದೆ. ‘ನೆಬೂಕದ್ನೆಚ್ಚರ’ ಬರುವ ಪುಟ, ಅಂದರೆ ದಾನಿಯೇಲ 3, ತೆಗೆದು ನೋಡಿದರೆ ಸಾಕು, ಆ ಹೆಸರು ತಡವರಿಸದೆ ಓದಲು ಬಂದರೆ ಗಾತ್ರ ಸರಿ ಇದೆ. ಕಾಗದ ತೆಳುವಿರುವುದು ಸಹಜ, 1,189 ಅಧ್ಯಾಯ ಒಂದು ಕೈಗೆ ಹಿಡಿಯಬೇಕಲ್ಲ. ಆದರೆ ಹಿಂಬದಿಯ ಅಕ್ಷರ ಈಚೆ ಮೂಡಿ ಸಾಲುಗಳ ನಡುವೆ ಕರಿ ನೆರಳು ಕಟ್ಟಿದರೆ ಬೇರೆ ಪ್ರತಿ ಕೇಳಿ. ಒಂದೇ ಮುದ್ರಣದಲ್ಲೂ ಪ್ರತಿಯಿಂದ ಪ್ರತಿಗೆ ಮಸಿ ಹೆಚ್ಚುಕಡಿಮೆ ಇರುತ್ತದೆ.

ಜಿಪ್ ಕವರು ನಮ್ಮ ಜನಕ್ಕೆ ಬಹಳ ಇಷ್ಟ, ಮೊದಲು ಕೆಡುವುದೂ ಅದೇ. ಮೂಲೆಯಲ್ಲಿ ಜಿಪ್ಪಿನ ಹಲ್ಲಿಗೆ ಹಾಳೆಯ ತುದಿ ಸಿಕ್ಕು ಹರಿಯುತ್ತದೆ. ಧಾರವಾಡದ ಮಳೆಗಾಲದಲ್ಲಿ ತೇವ ಒಳಗೇ ಉಳಿದು ಹಾಳೆ ಅಲೆಅಲೆಯಾಗುತ್ತದೆ. ಸಾದಾ ರಟ್ಟಿನ ಪ್ರತಿ ಕೊಂಡು ಬಟ್ಟೆಯ ಚೀಲ ಹೊಲಿಸಿದರೆ ಅಗ್ಗ, ಬಾಳಿಕೆಯೂ ಹೆಚ್ಚು. ಗ್ರಂಥದ ಹೆಸರಿಗೊಂದು ಅರ್ಧಚಂದ್ರ ಕತ್ತರಿಸಿದ ಅಂಚಿನ ಪ್ರತಿ ಹೊಸಬರಿಗೆ ಅನುಕೂಲ, ಆದರೆ ಹಾಳೆ ಹರಿಯುವುದು ಆ ಕತ್ತರಿಯಿಂದಲೇ. ಗೆರೆ ಹಾಕಲು ಪೆನ್ಸಿಲ್ ಅಥವಾ ಮೇಣದಂಥ ಕಲರ್ ಪೆನ್ಸಿಲ್ ಬಳಸಿ. ಜೆಲ್ ಪೆನ್ನು, ಹಸಿ ಹೈಲೈಟರ್ ಎರಡೂ ಈ ಕಾಗದದಲ್ಲಿ ಆಚೆ ಸೋರುತ್ತವೆ.

ಪುಸ್ತಕ ಸರಿ ಇದ್ದರೂ ಓದು ನಿಲ್ಲುವ ಒಂದು ಜಾಗ ಇದೆ, ಅದನ್ನು ಲೆಕ್ಕ ಹಾಕಿ ಹೇಳಬಹುದು. ‘ವರ್ಷದಲ್ಲಿ ಪೂರ್ತಿ ಬೈಬಲ್’ ಎಂದು ಜನವರಿ 1ಕ್ಕೆ ಶುರು ಮಾಡಿದವರು ದಿನಕ್ಕೆ ಮೂರು ಅಧ್ಯಾಯಕ್ಕಿಂತ ತುಸು ಹೆಚ್ಚು ಓದಬೇಕು. ಆದಿಕಾಂಡ 50, ವಿಮೋಚನಕಾಂಡ 40. ಜನವರಿ 23ರ ಸುಮಾರಿಗೆ ಗುಡಾರದ ಮೊಳ-ಗೇಣಿನ ಲೆಕ್ಕ ಎದುರಾಗುತ್ತದೆ, ತಿಂಗಳು ಮುಗಿಯುವ ಮೊದಲೇ ಯಾಜಕಕಾಂಡದ ಹೋಮ-ಬಲಿಗಳ ವಿವರ. ಬಹಳಷ್ಟು ಜನರ ಗುರುತಿನ ದಾರ ವರ್ಷವಿಡೀ ಅಲ್ಲೇ ಕೂತಿರುತ್ತದೆ. ಅದಕ್ಕೆ ಭಕ್ತಿ ಕಡಿಮೆ ಎಂದು ಬೇಸರಪಡಬೇಕಿಲ್ಲ, ಶುರು ಮಾಡಿದ ಜಾಗ ತಪ್ಪು. 16 ಅಧ್ಯಾಯದ ಮಾರ್ಕನಿಂದ ಆರಂಭಿಸಿ, ಆಮೇಲೆ 21 ಅಧ್ಯಾಯದ ಯೋಹಾನ, ಜೊತೆಗೆ ದಿನಕ್ಕೊಂದು ಕೀರ್ತನೆ. ಹೊಸ ಒಡಂಬಡಿಕೆಯಲ್ಲಿ ಒಟ್ಟು 260 ಅಧ್ಯಾಯ: ವಾರಕ್ಕೆ ಐದು ದಿನ, ದಿನಕ್ಕೊಂದರಂತೆ ಓದಿದರೆ ಸರಿಯಾಗಿ 52 ವಾರ. ಎರಡು ದಿನ ತಪ್ಪಿದ್ದನ್ನು ತುಂಬಿಕೊಳ್ಳಲು ಉಳಿಯುತ್ತದೆ. ನಿತ್ಯದ ಪ್ರಾರ್ಥನೆಗೆ ಒಂದು ಅಧ್ಯಾಯವೂ ಹೆಚ್ಚಾಯಿತು ಅನ್ನಿಸಿದರೆ ಹತ್ತು-ಹದಿನೈದು ವಚನ ಎರಡು ಸಲ ಓದಿ: ಒಮ್ಮೆ ಗಟ್ಟಿಯಾಗಿ, ಒಮ್ಮೆ ಮನಸ್ಸಿನಲ್ಲಿ.

ಈಗ ಆ್ಯಪ್. ಹೆಚ್ಚು ಜನ ಇಳಿಸಿಕೊಂಡಿರುವುದು ಯೂವರ್ಷನ್ನಿನ ಬೈಬಲ್ ಆ್ಯಪ್. ಅಮೆರಿಕದ ಓಕ್ಲಹಾಮಾದ ಲೈಫ್.ಚರ್ಚ್ 2008ರಲ್ಲಿ ಹೊರತಂದದ್ದು. ಪುಕ್ಕಟೆ, ಜಾಹೀರಾತಿಲ್ಲ, ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಭಾಷಾಂತರ ಇದೆ. ಒಂದು ವಚನದ ಮೇಲೆ ಬೆರಳಿಟ್ಟು ಅದನ್ನು ಬೇರೆ ಭಾಷಾಂತರದೊಂದಿಗೆ ಹೋಲಿಸಬಹುದು, ಮೇಲೆ ಹೇಳಿದ ಎಫೆಸದ ತೊಡಕಿಗೆ ಇದು ಒಳ್ಳೆಯ ಮದ್ದು. ಅಕ್ಷರ ದೊಡ್ಡದು ಮಾಡಬಹುದು, ಕನ್ನಡಕ ಮರೆತವರಿಗೆ ಇದೇ ದೊಡ್ಡ ಉಪಕಾರ. ಕನ್ನಡದಲ್ಲಿ ಹುಡುಕುವಾಗ ಪೂರ್ತಿ ಸಾಲು ಹೊಡೆಯದೆ ವಚನದ ಒಂದೆರಡು ಗಟ್ಟಿ ಪದ ಮಾತ್ರ ಹೊಡೆಯಿರಿ. ‘ನಂಬಿಕೆ’, ‘ನಂಬಿಕೆಯಿಂದ’, ‘ನಂಬಿಕೆಗೆ’ ಎಂದು ಪ್ರತ್ಯಯ ಬದಲಾದಂತೆ ಫಲಿತಾಂಶವೂ ಬದಲಾಗಬಹುದು.

ಕೇಳುವ ಸೌಲಭ್ಯಕ್ಕೆ ಬೇರೆಯಾಗಿಯೇ ಅಂಕ ಕೊಡಬೇಕು. ಕನ್ನಡ ಹೊಸ ಒಡಂಬಡಿಕೆಯ ಧ್ವನಿ ಪುಕ್ಕಟೆ ಸಿಗುತ್ತದೆ. ಓದು ಬಾರದ ಅಜ್ಜಿಗೆ, ಕಣ್ಣು ಮಂಜಾದ ತಾತನಿಗೆ ಇನ್ನೊಬ್ಬರ ಹಂಗಿಲ್ಲದೆ ವಚನ ಕೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದಿನವೂ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವವರು ಒಂದು ಪಯಣದಲ್ಲಿ ಮಾರ್ಕನ ಐದಾರು ಅಧ್ಯಾಯ ಕೇಳಬಹುದು. ಎಲ್ಲ ಭಾಷಾಂತರವನ್ನೂ ಫೋನಿಗೆ ಇಳಿಸಿಕೊಳ್ಳಲು ಬರುವುದಿಲ್ಲ, ಅದು ಹಕ್ಕುದಾರರ ಅನುಮತಿಯ ಮೇಲೆ ನಿಂತಿದೆ. ಇಳಿಯುವ ಒಂದನ್ನು ಮನೆಯಲ್ಲಿ ವೈಫೈ ಇದ್ದಾಗಲೇ ಇಳಿಸಿಟ್ಟುಕೊಳ್ಳಿ.

ತೊಂದರೆ ಇರುವುದು ಎಣಿಕೆಯಲ್ಲಿ. ಎಷ್ಟು ದಿನ ತಪ್ಪದೆ ಬಂದಿರಿ ಎಂದು ಆ್ಯಪ್ ಲೆಕ್ಕ ಇಡುತ್ತದೆ. ಮೊದಲ ತಿಂಗಳು ಇದು ರೂಢಿ ಹಚ್ಚುತ್ತದೆ, ಸುಳ್ಳಲ್ಲ. ಆಮೇಲೆ ರಾತ್ರಿ ಹನ್ನೊಂದೂ ಐವತ್ತಕ್ಕೆ ಹಾಸಿಗೆಯಲ್ಲಿ ಬಿದ್ದುಕೊಂಡು, ಸಂಖ್ಯೆ ಮುರಿಯಬಾರದೆಂದು ಒಂದು ವಚನ ತೆರೆದು ಮುಚ್ಚುವುದು ಶುರುವಾಗುತ್ತದೆ, ಹರಕೆ ತೀರಿಸಿ ಕೈ ತೊಳೆದುಕೊಂಡ ಹಾಗೆ. ದೇವರ ಜೊತೆಗಿನ ಸಂಬಂಧ ಕೃಪೆಯಿಂದ ಬಂದದ್ದು, ತಪ್ಪದೆ ಹಾಜರಿ ಹಾಕಿ ಗಳಿಸಿದ್ದಲ್ಲ ಎನ್ನುವುದೇ ಸುವಾರ್ತೆಯ ತಿರುಳು. ಆ ತಿರುಳಿಗೆ ಈ ಎಣಿಕೆ ಒಗ್ಗುವುದಿಲ್ಲ. ನೋಟಿಫಿಕೇಶನ್ ಒಂದನ್ನು ಮಾತ್ರ ಉಳಿಸಿ, ಅದೂ ನೀವು ಕೂರುವ ಹೊತ್ತಿಗೆ ಹೊಂದಿಸಿ, ಉಳಿದವು ಬಂದ್. ದಿನದ ವಚನದ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ತಪ್ಪಲ್ಲ, ಆದರೆ ಹಾಕುವ ಮೊದಲು ಆ ವಚನದ ಹಿಂದಿನ ಮುಂದಿನ ಐದೈದು ವಚನ ಓದಿ. ಮುಖ್ಯವಾಗಿ, ಪ್ರಾರ್ಥನೆಯ ಹೊತ್ತಿಗೆ ಫೋನು ಕೈಯಲ್ಲಿರುವುದೇ ಬೇಡ. ಮತ್ತಾಯ 6:6ರಲ್ಲಿ ಯೇಸು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎನ್ನುತ್ತಾನೆ. ಫೋನು ಕೈಯಲ್ಲಿದ್ದರೆ ಬಾಗಿಲು ಅಗಳಿ ಹಾಕದೆ ಉಳಿದಂತೆಯೇ. ಏರೋಪ್ಲೇನ್ ಮೋಡ್ ಹಾಕಿಕೊಳ್ಳುತ್ತೇನೆ ಎನ್ನುವವರು ಹಾಕಿಕೊಂಡು ನೋಡಲಿ, ಹೆಚ್ಚಿನವರಿಗೆ ಪುಸ್ತಕವೇ ಸುಲಭ.

ವಾಗ್ದಾನ ಕಾರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ಒಂದು ಎತ್ತಿಕೊಳ್ಳುವುದು, ಬೀರುವಿಗೆ ಅಂಟಿಸುವುದು ಸಂತೋಷದ ಪದ್ಧತಿ. ಆದರೆ ಎತ್ತಿದ ಚೀಟಿಯನ್ನು ವರ್ಷದ ಭವಿಷ್ಯ ಎಂದುಕೊಂಡರೆ ಅದು ಶಕುನ ನೋಡುವುದೇ ಆಯಿತು. ಹೆಚ್ಚು ಸಲ ಬರುವ ಯೆರೆಮೀಯ 29:11 ತೆಗೆದುಕೊಳ್ಳಿ: ನಿಮಗಾಗಿ ನನ್ನ ಆಲೋಚನೆ ಹಿತದ್ದು, ಕೇಡಿನದ್ದಲ್ಲ ಎಂಬ ಮಾತು. ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕು ಎಂದಿದೆ. 5ನೇ ವಚನದಲ್ಲಿ ಅಲ್ಲೇ ಮನೆ ಕಟ್ಟಿ ತೋಟ ಮಾಡಿ, 7ನೇ ವಚನದಲ್ಲಿ ಆ ಊರಿನ ಹಿತಕ್ಕಾಗಿ ಪ್ರಾರ್ಥಿಸಿ ಎಂದಿದೆ. ಇಷ್ಟು ತಿಳಿದು ಓದಿದರೆ ಆ ಕಾರ್ಡು ಮಾರ್ಚ್‌ನಲ್ಲಿ ಕೆಲಸ ಹೋದವನಿಗೂ ಸುಳ್ಳಾಗುವುದಿಲ್ಲ. ಕೊಳ್ಳುವುದಾದರೆ ವಚನದ ಸಂಖ್ಯೆ ಸ್ಪಷ್ಟವಾಗಿ ಮುದ್ರಿಸಿದ್ದನ್ನು ಕೊಳ್ಳಿ, ಸಂಖ್ಯೆ ಇಲ್ಲದ ಕಾರ್ಡಿನಿಂದ ಬೈಬಲಿಗೆ ದಾರಿಯಿಲ್ಲ.

ನಾಲ್ಕರಲ್ಲಿ ಅತಿ ಅಗ್ಗದ್ದು, ಒರೆಗೆ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುವುದು ನೋಟ್‌ಬುಕ್ಕು. ಚರ್ಮದ ಕವರು, ಪುಟಪುಟಕ್ಕೂ ಹೂಬಳ್ಳಿ ಮುದ್ರಿಸಿದ ‘ಪ್ರೇಯರ್ ಜರ್ನಲ್’ ಬೇಡ. ಆ ಚಂದದ ಪುಟದಲ್ಲಿ ಒರಟು ಮಾತು ಬರೆಯಲು ಕೈ ಬರುವುದಿಲ್ಲ. ಶಾಲೆ ಮಕ್ಕಳ 200 ಪುಟದ ಒಂದು ಗೆರೆಯ ನೋಟ್‌ಬುಕ್ಕು ಸಾಕು: ದಿನಕ್ಕೆ ಅರ್ಧ ಪುಟದಂತೆ ವರ್ಷ ದಾಟುತ್ತದೆ.

ಏನು ಬರೆಯಬೇಕು? 1535ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಪೀಟರನಿಗೆ ಪ್ರಾರ್ಥನೆಯ ಕ್ರಮ ಹೇಳಿ ಬರೆದುಕೊಟ್ಟ. ಒಂದು ವಚನ ಹಿಡಿದು ನಾಲ್ಕು ಎಳೆ ತೆಗೆ ಎಂದ: ಇದು ನನಗೆ ಏನು ಕಲಿಸುತ್ತದೆ, ಯಾವುದಕ್ಕೆ ಸ್ತೋತ್ರ ಹೇಳಬೇಕು, ಯಾವ ಪಾಪ ಒಪ್ಪಿಕೊಳ್ಳಬೇಕು, ಏನು ಬೇಡಬೇಕು. ನೋಟ್‌ಬುಕ್ಕಿನಲ್ಲಿ ತಾರೀಖು, ವಚನದ ಸಂಖ್ಯೆ, ಕೆಳಗೆ ಈ ನಾಲ್ಕಕ್ಕೆ ಒಂದೊಂದು ಸಾಲು. ನಡುವೆ ಒಂದು ಮಾತು ಮನಸ್ಸನ್ನು ಹಿಡಿದು ನಿಲ್ಲಿಸಿದರೆ ಉಳಿದದ್ದು ಬಿಟ್ಟು ಅಲ್ಲೇ ಸುಮ್ಮನಿರು ಎಂದೂ ಅವನೇ ಹೇಳಿದ್ದಾನೆ. ನಾಲ್ಕೂ ಸಾಲು ತುಂಬಲೇಬೇಕೆಂದಿಲ್ಲ. ‘ಇದೊಂದು ಕೆಲಸ ಮುಗಿಸಿ ಒಂದು ತಾಸಿಗೆ ಬರ್ತೀನಿ’ ಎಂಬ ವಿಚಾರದಿಂದ ಹುಷಾರಾಗಿರು ಎಂಬ ಎಚ್ಚರಿಕೆಯೂ ಅದರಲ್ಲಿದೆ, ಐನೂರು ವರ್ಷದ ಹಿಂದೆಯೂ ನೆಪ ಇದೇ. ಕಥೋಲಿಕರಿಗೆ 12ನೇ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗ್ವೀಗೊ ಹೇಳಿದ ನಾಲ್ಕು ಮೆಟ್ಟಿಲು ಪರಿಚಿತ: ಓದು, ಮನನ, ಪ್ರಾರ್ಥನೆ, ಮೌನಧ್ಯಾನ. ಬರೆಯುವ ಕೆಲಸ ಎರಡನೆಯ ಮತ್ತು ಮೂರನೆಯ ಮೆಟ್ಟಿಲಿಗೆ ಮಾತ್ರ, ನಾಲ್ಕನೆಯದರಲ್ಲಿ ಪೆನ್ನು ಕೆಳಗಿಡಬೇಕು.

ಬರೆಯುವ ಭಾಷೆ ಮನೆಯದಿರಲಿ. ನಮ್ಮವರು ಬಾಯಿ ತೆರೆದರೆ ‘ಕೃಪಾಪೂರ್ಣನಾದ ಪರಲೋಕದ ತಂದೆಯೇ’ ಎಂದು ಪುಲ್ಪಿಟ್ಟಿನ ಕನ್ನಡಕ್ಕೆ ಏರುತ್ತಾರೆ, ಎರಡು ವಾಕ್ಯಕ್ಕೆ ಮಾತು ಮುಗಿಯುತ್ತದೆ. ಕೀರ್ತನೆ 13 ನೋಡಿ, ಬರೀ ಆರು ವಚನ. ಮೊದಲೆರಡರಲ್ಲಿ ದಾವೀದ ‘ಎಲ್ಲಿಯ ತನಕ’ ಎಂದು ನಾಲ್ಕು ಸಲ ಕೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡುತ್ತಾನೆ. ಕೊನೆಯ ಎರಡರಲ್ಲಿ, ಉತ್ತರ ಇನ್ನೂ ಬರದಿದ್ದರೂ, ಭರವಸೆ ಇಡುತ್ತಾನೆ. ಪಗಾರ ನಿಂತ ಒಬ್ಬರ ನೋಟ್‌ಬುಕ್ಕಿನಲ್ಲಿ ಇದು ಹೀಗೆ ಇಳಿಯಬಹುದು: ‘ಅಪ್ಪಾ, ಮೂರು ತಿಂಗಳಾತು ಪಗಾರ ಬಂದಿಲ್ಲ. ನಿನಗ ಗೊತ್ತೈತಿ ಅಂತ ಎಲ್ಲಾರೂ ಹೇಳ್ತಾರ. ಗೊತ್ತಿದ್ರ ಯಾಕ ಸುಮ್ಮ ಕುಂತಿ? ಈ ವಾರ ಬಾಡಿಗಿಗೆ ದಾರಿ ತೋರಸು. ನಾ ಮತ್ತ ಎಲ್ಲಿಗೆ ಹೋಗ್ಲಿ, ನಿನ್ನ ಹತ್ರನ ಬಂದೇನಿ.’ ಇದು ದೇವರಿಗೆ ಅಗೌರವವಲ್ಲ. ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿನಷ್ಟು ಇಂಥ ದೂರು-ಗೋಳೇ ಇದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಕೊನೆಯ ಸಾಲು ಅದಕ್ಕಿಲ್ಲ. ಅದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ.

ಹಾಗೆಯೇ, ದಿನಗಟ್ಟಲೆ ಏನೂ ಅನ್ನಿಸದಿದ್ದರೆ ಸಂಬಂಧ ಕಡಿಯಿತು ಎಂದು ಗಾಬರಿ ಬೇಡ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಾಗ ಪವಿತ್ರಾತ್ಮನೇ ನಮ್ಮ ಪರವಾಗಿ ನರಳುತ್ತಾನೆ ಎಂದು ರೋಮಾಪುರದವರಿಗೆ 8:26 ಹೇಳುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ನಂಬಿಕೆ ಕಡಿಮೆಯಾಗಿದೆ ಎಂದು ಉಪವಾಸ ಹೇರಬಾರದು. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಕರೆದುಕೊಂಡು ಹೋಗಬೇಕು. ಪ್ರಾರ್ಥನೆ ಅಲ್ಲಿಗೂ ಜೊತೆ ಬರುತ್ತದೆ.

ನೋಟ್‌ಬುಕ್ಕು ಕೆಡುವುದು ಎರಡು ರೀತಿ. ಒಂದು, ನಾಲ್ಕನೆಯ ಎಳೆಯೊಂದೇ ಬೆಳೆದು ಬೇಡಿಕೆಯ ಪಟ್ಟಿಯಾಗುವುದು. ಪ್ರತಿ ಪುಟದ ಬಲಕ್ಕೆ ಎರಡು ಬೆರಳಗಲ ಜಾಗ ಬಿಟ್ಟು, ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ, ಆದದ್ದಕ್ಕೆ ತಾರೀಖು, ಆಗದ್ದಕ್ಕೆ ‘ಇನ್ನೂ ಇಲ್ಲ’, ಬೇರೆ ರೀತಿ ಆದದ್ದಕ್ಕೆ ಹೇಗೆಂದು ಬರೆದರೆ ಸ್ತೋತ್ರದ ಎಳೆ ತಾನಾಗಿ ತುಂಬುತ್ತದೆ. ಎರಡನೆಯದು ಇನ್ನೂ ಸಾಮಾನ್ಯ: ಮನೆಯಲ್ಲಿ ಯಾರಾದರೂ ಓದಿಬಿಡುತ್ತಾರೆಂಬ ಹೆದರಿಕೆಯಲ್ಲಿ ನಿಜ ಬರೆಯದಿರುವುದು. ಎರಡು ಕೋಣೆಯಲ್ಲಿ ಆರು ಮಂದಿ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಹೆಸರಿನ ಮೊದಲ ಅಕ್ಷರ ಮಾತ್ರ ಬರೆಯಿರಿ, ಪಾಪದ ಸಾಲಿಗೆ ವಚನದ ಸಂಖ್ಯೆಯಷ್ಟೇ ಸಾಕು, ದೇವರಿಗೆ ಬಿಡಿಸಿ ಹೇಳಬೇಕಿಲ್ಲ. ಕುಟುಂಬ ಪ್ರಾರ್ಥನೆಯಲ್ಲಿ ಎಲ್ಲರೂ ಸೇರಿ ಬೇಡುವುದಕ್ಕೆ ಬೇರೆ ಪಟ್ಟಿ ಮಾಡಿ ಗೋಡೆಗೆ ಹಚ್ಚಿ. ಈ ನೋಟ್‌ಬುಕ್ಕು ಮಾತ್ರ ಬೈಬಲಿನ ಬಟ್ಟೆಚೀಲದೊಳಗೇ ಇರಲಿ.